ಪಿ/ಬಿ ಕಡಿಮೆ ಇದ್ದ ಮಾತ್ರಕ್ಕೆ ಗಣಿ ಷೇರು ಅಗ್ಗವಾಗುತ್ತದಾ?

ಪ್ರಶ್ನೆ: ನಾನು ಹೊಸಪೇಟೆಯವನು. ಬ್ಯಾಂಕ್ ಷೇರು ಕೊಳ್ಳುವಾಗ ಪಿ/ಬಿ (ಬೆಲೆ ಪುಸ್ತಕ ಮೌಲ್ಯದ ಎಷ್ಟು ಪಟ್ಟು ಅನ್ನುವುದು) ನೋಡಿ ಕೊಳ್ಳುವ ಅಭ್ಯಾಸ ಇದೆ, ಅದರಿಂದ ಒಳ್ಳೆಯದೇ ಆಗಿದೆ. ಈಗ ಗಣಿ ಕಂಪನಿಗಳ ಕಡೆ ಕಣ್ಣು ಬಿದ್ದಿದೆ. ಒಂದು ಸಣ್ಣ ಕಬ್ಬಿಣದ ಅದಿರಿನ ಕಂಪನಿಯ ಪಿ/ಬಿ 0.8 ತೋರಿಸುತ್ತಿದೆ. ಹಿಂದೂಸ್ತಾನ್ ಜಿಂಕ್‌ನದು ಹತ್ತರ ಮೇಲಿದೆ. ಮೊದಲನೆಯದು ಅಗ್ಗ, ಎರಡನೆಯದು ತೀರಾ ದುಬಾರಿ ಅಂತ ತಿಳಿಯಬಹುದಾ?

ಉತ್ತರ: ಹಾಗೆ ತಿಳಿಯಬೇಡಿ. ಗಣಿ ಷೇರಿಗೆ ಪಿ/ಬಿ ನೋಡಲೇಬಾರದು ಅಂತ ನಾನು ಹೇಳುತ್ತಿಲ್ಲ, ನಾನೂ ನೋಡುತ್ತೇನೆ. ಆದರೆ ಬ್ಯಾಂಕಿನ ವಿಷಯದಲ್ಲಿ ಆ ಅಂಕಿ ಹೇಳುವ ಮಾತು ಬೇರೆ, ಗಣಿಯ ವಿಷಯದಲ್ಲಿ ಹೇಳುವ ಮಾತೇ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ದುಡ್ಡು ಹಾಕಿ ಕೈ ಸುಟ್ಟುಕೊಂಡವರನ್ನು ತುಂಬಾ ಜನರನ್ನು ನೋಡಿದ್ದೇನೆ. ಅದಕ್ಕೇ ಸ್ವಲ್ಪ ನಿಧಾನವಾಗಿ, ಬಿಡಿಸಿ ಹೇಳುತ್ತೇನೆ.

ನೀವು ಬ್ಯಾಂಕ್ ಷೇರಿನಿಂದ ಬಂದವರು, ಅಲ್ಲಿಂದಲೇ ಶುರು ಮಾಡೋಣ. ಕಂಪನಿಯ ಒಟ್ಟು ಆಸ್ತಿಯಲ್ಲಿ ಸಾಲಸೋಲ, ಕೊಡಬೇಕಾದ್ದು ಎಲ್ಲ ಕಳೆದು ಉಳಿದದ್ದನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಷೇರಿನ ಪುಸ್ತಕ ಮೌಲ್ಯ ಬರುತ್ತದೆ. ಮಾರುಕಟ್ಟೆ ಬೆಲೆಯನ್ನು ಅದರಿಂದ ಭಾಗಿಸಿದರೆ ಪಿ/ಬಿ. ಬ್ಯಾಂಕಿನ ಆಸ್ತಿ ಅಂದರೆ ಕೊಟ್ಟ ಸಾಲ, ಇಟ್ಟುಕೊಂಡ ಬಾಂಡು, ರಿಸರ್ವ್ ಬ್ಯಾಂಕಿನಲ್ಲಿರುವ ಹಣ. ಎಲ್ಲವೂ ರೂಪಾಯಿಯೇ. ನೂರು ರೂಪಾಯಿ ಸಾಲ ಪುಸ್ತಕದಲ್ಲೂ ನೂರು ಅಂತಲೇ ಇರುತ್ತದೆ, ವಸೂಲಾಗದ್ದನ್ನು ಕಳೆದರೆ ನಿಜದ ಬೆಲೆಗೆ ಹತ್ತಿರ ಬಂತು. ಅದಕ್ಕೇ ಅಲ್ಲಿ ನಿಮ್ಮ ಅಭ್ಯಾಸ ಕೆಲಸ ಮಾಡಿದೆ.

ಗಣಿಯಲ್ಲಿ ಹಾಗಿಲ್ಲ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಸಂಡೂರಿನ ಕಡೆ ಒಂದು ಗಣಿ ನೋಡಲು ಹೋಗಿದ್ದೆ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕೆಂಪು ಗುಡ್ಡ, ಕೆಳಗೆ ಸಾಲಾಗಿ ಡಂಪರ್‌ಗಳು, ಮೈತುಂಬಾ ಕೆಂಧೂಳು. ಲೆಕ್ಕ ನೋಡುವವರು ಕಚೇರಿಯಲ್ಲಿ ಕೂರಿಸಿ ಆಸ್ತಿ ರಿಜಿಸ್ಟರ್ ಮುಂದಿಟ್ಟರು. ಡಂಪರ್ ಇಷ್ಟು, ಶೊವೆಲ್ ಇಷ್ಟು, ಕ್ರಶರ್, ವೇಬ್ರಿಡ್ಜ್, ಕಚೇರಿ ಕಟ್ಟಡ, ಎರಡು ಜೀಪು. ಪ್ರತಿಯೊಂದರ ಮುಂದೆ ಕೊಂಡ ವರ್ಷ, ಕೊಟ್ಟ ಹಣ, ಇಲ್ಲಿಯವರೆಗೆ ಕಳೆದ ಸವಕಳಿ. ಗಣಿ ಗುತ್ತಿಗೆ ಅನ್ನುವ ಸಾಲಿನ ಮುಂದೆ ಮಾತ್ರ ಕೆಲವೇ ಲಕ್ಷ ರೂಪಾಯಿ. ಕಿಟಕಿಯ ಆಚೆ ಗುಡ್ಡಕ್ಕೆ ಗುಡ್ಡವೇ ನಿಂತಿದೆ, ಆ ರಿಜಿಸ್ಟರ್‌ನಲ್ಲಿ ಗುಡ್ಡ ಇಲ್ಲ. ಕಂಪನಿಗೆ ದುಡ್ಡು ತರುವ ಅದಿರನ್ನು ಬಿಟ್ಟು, ಅದನ್ನು ಅಗೆಯುವ ಸಾಮಾನಿಗೆ ಮಾತ್ರ ಲೆಕ್ಕದಲ್ಲಿ ಜಾಗ.

ಇದರಲ್ಲಿ ಯಾರ ಮೋಸವೂ ಇಲ್ಲ. ಲೆಕ್ಕಶಾಸ್ತ್ರದ ನಿಯಮವೇ ಹಾಗೆ. ಖರ್ಚು ಮಾಡಿದ ಹಣವನ್ನು ಬರೆಯಬಹುದು, ನೆಲದಡಿ ಇರುವುದನ್ನು ಇವತ್ತಿನ ಬೆಲೆಗೆ ಬರೆಯುವ ಹಾಗಿಲ್ಲ. ನಲವತ್ತು ವರ್ಷದ ಹಿಂದೆ ಸಿಕ್ಕ ಗುತ್ತಿಗೆ ಪುಸ್ತಕದಲ್ಲಿ ಪುಡಿಗಾಸು. ಅದೇ ಗಣಿಯನ್ನು ಇವತ್ತು ಇನ್ನೊಂದು ಕಂಪನಿ ಸಾವಿರ ಕೋಟಿ ಕೊಟ್ಟು ಕೊಂಡರೆ ಅವರ ಪುಸ್ತಕದಲ್ಲಿ ಸಾವಿರ ಕೋಟಿ. ಗಣಿ ಒಂದೇ, ಟನ್ ಅಷ್ಟೇ, ಲಾಭವೂ ಅಷ್ಟೇ. ಪಿ/ಬಿ ಮಾತ್ರ ಒಂದು ಕಡೆ 12, ಇನ್ನೊಂದು ಕಡೆ 1. ಹಾಗಾಗಿ ಗಣಿ ಕಂಪನಿಯ ಪುಸ್ತಕ ಮೌಲ್ಯ ಮುಖ್ಯವಾಗಿ ಆ ಕಂಪನಿಯ ಖರ್ಚಿನ ಚರಿತ್ರೆ. ಯಾವಾಗ, ಯಾರಿಂದ, ಎಷ್ಟಕ್ಕೆ ತಗೊಂಡರು ಅನ್ನುವುದರ ಮೇಲೆ ಅದು ನಿಂತಿರುತ್ತದೆ.

ಈಗ ನೀವು ಕೇಳಿದ ಹಿಂದೂಸ್ತಾನ್ ಜಿಂಕ್. ಇದು ತುಂಬಾ ಒಳ್ಳೆಯ ಉದಾಹರಣೆ, ಅಂಕಿಗಳನ್ನೇ ನೋಡಿ. 2022ರ ಮಾರ್ಚ್ ಕೊನೆಗೆ ಕಂಪನಿಯ ನಿವ್ವಳ ಮೌಲ್ಯ ಸುಮಾರು 34,000 ಕೋಟಿ ರೂಪಾಯಿ. ಷೇರುಗಳು ಸುಮಾರು 422.5 ಕೋಟಿ. ಅಂದರೆ ಷೇರಿಗೆ 80 ರೂಪಾಯಿ ಚಿಲ್ಲರೆ ಪುಸ್ತಕ ಮೌಲ್ಯ. ಮುಂದಿನ ಒಂದೇ ವರ್ಷದಲ್ಲಿ ಕಂಪನಿ ಷೇರಿಗೆ 75.50 ರೂಪಾಯಿ ಡಿವಿಡೆಂಡ್ ಕೊಟ್ಟಿತು. ಒಟ್ಟು 31,900 ಕೋಟಿಯಷ್ಟು ಹೊರಗೆ ಹೋಯಿತು. ಆ ವರ್ಷದ ಲಾಭ ಸೇರಿದ ಮೇಲೂ 2023ರ ಮಾರ್ಚ್‌ಗೆ ನಿವ್ವಳ ಮೌಲ್ಯ 13,000 ಕೋಟಿಯ ಆಸುಪಾಸಿಗೆ ಇಳಿಯಿತು, ಷೇರಿಗೆ 30 ರೂಪಾಯಿ ಚಿಲ್ಲರೆ. ಷೇರಿನ ಬೆಲೆ ಎರಡೂ ಮಾರ್ಚ್‌ಗಳಲ್ಲಿ 300 ರೂಪಾಯಿಯ ಹತ್ತಿರವೇ ಇತ್ತು. ಪಿ/ಬಿ ನಾಲ್ಕರ ಹತ್ತಿರ ಇದ್ದದ್ದು ಒಂಬತ್ತು ಹತ್ತಕ್ಕೆ ಹಾರಿತು.

ಈ ಹನ್ನೆರಡು ತಿಂಗಳಲ್ಲಿ ರಾಜಸ್ಥಾನದ ರಾಂಪುರಾ ಆಗುಚಾ ಗಣಿಯಲ್ಲಿ ಏನು ಬದಲಾಯಿತು? ಸತುವು ಅಲ್ಲೇ ಇತ್ತು. ಒಂದು ವರ್ಷ ಅಗೆದಷ್ಟು ಹೊರಗೆ ಬಂತು, ಅಷ್ಟೇ. ಪೆಟ್ಟಿಗೆಯಲ್ಲಿದ್ದ ನಗದು ಷೇರುದಾರರ ಮನೆಗೆ ಹೋಯಿತು, ಅದರಲ್ಲಿ ದೊಡ್ಡ ಪಾಲು ದೊಡ್ಡ ಷೇರುದಾರ ವೇದಾಂತಕ್ಕೆ. ಆ ನಗದು ಹೊರಗೆ ಹೋದದ್ದು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಬೇರೆ ಚರ್ಚೆ. ನಾನು ಹೇಳುವುದು ಇಷ್ಟೇ: ಪಿ/ಬಿ ಹತ್ತು ಅಂದ ತಕ್ಷಣ ದುಬಾರಿ ಅಂದುಕೊಳ್ಳುವವರು ಈ ಕಥೆ ನೋಡಿಲ್ಲ. ಹಾಗಂತ ಅದು ಅಗ್ಗ ಅಂತಲೂ ಅಲ್ಲ. ಇಲ್ಲಿ ಪಿ/ಬಿ ಹೇಳುವುದು ಕಂಪನಿ ಎಷ್ಟು ನಗದು ಇಟ್ಟುಕೊಳ್ಳುತ್ತದೆ, ಎಷ್ಟು ಹಂಚುತ್ತದೆ ಅನ್ನುವುದನ್ನೇ ಜಾಸ್ತಿ.

ಈಗ 0.8ರ ಕಡೆ ಬರೋಣ, ಅಪಾಯ ಇರುವುದು ಈ ಕಡೆಯೇ. ಒಂದು ಊಹೆಯ ಲೆಕ್ಕ ಹಾಕಿ ತೋರಿಸುತ್ತೇನೆ, ಪೆನ್ನು ಹಿಡಿದುಕೊಂಡು ಓದಿ.

ಎರಡು ಗಣಿ ಕಂಪನಿ ಅಂದುಕೊಳ್ಳಿ. ಎರಡಕ್ಕೂ ಎಲ್ಲ ಖರ್ಚು, ತೆರಿಗೆ ಕಳೆದು ವರ್ಷಕ್ಕೆ 60 ಕೋಟಿ ನಗದು ಕೈಗೆ ಬರುತ್ತದೆ. ಎರಡರ ಬಳಿಯೂ ಬ್ಯಾಂಕಿನಲ್ಲಿ 40 ಕೋಟಿ ಇದೆ. ಗಣಿ ಮುಚ್ಚುವ ದಿನ ಎರಡಕ್ಕೂ 30 ಕೋಟಿ ಖರ್ಚಿದೆ. ಮೊದಲನೆಯದು ಹಳೆಯ ಗಣಿ, ಯಂತ್ರಗಳ ಸವಕಳಿ ಎಲ್ಲ ಕಳೆದು ಪುಸ್ತಕ ಮೌಲ್ಯ 140 ಕೋಟಿ. ಆದರೆ ಇನ್ನೂ 20 ವರ್ಷ ಅಗೆಯುವಷ್ಟು ಅದಿರಿದೆ, ಗುತ್ತಿಗೆಯೂ ಇದೆ. ಮಾರುಕಟ್ಟೆ ಬೆಲೆ 420 ಕೋಟಿ, ಪಿ/ಬಿ 3. ಎರಡನೆಯದು ಈಚೆಗೆ ಹೊಸ ಕ್ರಶರ್, ಹೊಸ ಡಂಪರ್ ಎಲ್ಲ ತಗೊಂಡಿದೆ, ಪುಸ್ತಕ ಮೌಲ್ಯ 300 ಕೋಟಿ. ಮಾರುಕಟ್ಟೆ ಬೆಲೆ 240 ಕೋಟಿ, ಪಿ/ಬಿ 0.8. ಆದರೆ ಗುತ್ತಿಗೆ ಉಳಿದಿರುವುದು ನಾಲ್ಕೇ ವರ್ಷ.

ಮುಂದೆ ಬರುವ ಹಣವನ್ನು ವರ್ಷಕ್ಕೆ ಶೇ 12ರಂತೆ ಇವತ್ತಿನ ಬೆಲೆಗೆ ಇಳಿಸಿ, ಅಂದರೆ ಎಷ್ಟು ವರ್ಷ ದೂರವೋ ಅಷ್ಟು ಸಲ 1.12ರಿಂದ ಭಾಗಿಸಿ. ಮೊದಲನೆಯದರ 20 ವರ್ಷದ ಹಣ ಸುಮಾರು 448 ಕೋಟಿ. ನಗದು 40 ಸೇರಿಸಿ, ಮುಚ್ಚುವ ಖರ್ಚು ಇಪ್ಪತ್ತು ವರ್ಷ ದೂರ ಇರುವುದರಿಂದ ಇವತ್ತಿಗೆ ಮೂರು ಕೋಟಿ ಕಳೆಯಿರಿ. 485 ಕೋಟಿ. ಎರಡನೆಯದರ ನಾಲ್ಕು ವರ್ಷದ ಹಣ 182 ಕೋಟಿ, ನಗದು 40 ಸೇರಿಸಿ, ಮುಚ್ಚುವ ಖರ್ಚು 19 ಕೋಟಿ ಕಳೆದರೆ 203. ಪಿ/ಬಿ 3 ಇದ್ದ ಷೇರು 485ರ ಮಾಲನ್ನು 420ಕ್ಕೆ ಕೊಡುತ್ತಿದೆ. ಪಿ/ಬಿ 0.8 ಇದ್ದದ್ದು 203ರ ಮಾಲಿಗೆ 240 ಕೇಳುತ್ತಿದೆ. ಆ ಕ್ರಶರ್ ಮಾರಿದರೆ ಬರುವುದಿಲ್ಲವಾ ಅಂತ ಕೇಳಬಹುದು. ಬರುತ್ತದೆ, ಗುಜರಿ ಬೆಲೆಗೆ. ಗಣಿಯ ಬುಡದಲ್ಲಿ ಕಾಂಕ್ರೀಟ್ ಹಾಕಿ ಕೂರಿಸಿದ ಯಂತ್ರಕ್ಕೆ ಆ ಗಣಿ ನಿಂತ ಮೇಲೆ ಬೇರೆ ಗಿರಾಕಿ ಯಾರು?

ಇದು ಬರೀ ಊಹೆ ಅನ್ನಿಸಿದರೆ ನಮ್ಮ ಕುದುರೆಮುಖವನ್ನೇ ನೆನಪು ಮಾಡಿಕೊಳ್ಳಿ. 1976ರಲ್ಲಿ ಶುರುವಾದ ಕಂಪನಿ. ಗುಡ್ಡದ ಮೇಲೆ ದೊಡ್ಡ ಸ್ಥಾವರ, ಲಖ್ಯಾ ಅಣೆಕಟ್ಟು, ಅಲ್ಲಿಂದ ಮಂಗಳೂರಿಗೆ 67 ಕಿಲೋಮೀಟರ್ ಕೊಳವೆ, ಅದಿರಿನ ಪುಡಿ ನೀರಿನ ಜೊತೆ ಹರಿದು ಬಂದರಿಗೆ ಬರುತ್ತಿತ್ತು. ಪುಸ್ತಕದಲ್ಲಿ ಇದೆಲ್ಲ ಆಸ್ತಿಯೇ. ಗಣಿ ಗುತ್ತಿಗೆ 1999ರಲ್ಲಿ ಮುಗಿಯಿತು, ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟು 2005ರ ಕೊನೆಯವರೆಗೆ ಮಾತ್ರ ಅವಕಾಶ ಕೊಟ್ಟಿತು, ಆಮೇಲೆ ಗಣಿಗಾರಿಕೆ ನಿಂತೇ ಹೋಯಿತು. ಕಾಡಿಗೆ, ಭದ್ರೆಗೆ ಅದು ಬೇಕಾಗಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹೂಡಿಕೆದಾರನ ಕಣ್ಣಿಂದ ನೋಡಿ: ಗುಡ್ಡದಲ್ಲಿ ಅದಿರು ಇನ್ನೂ ಇದೆ, ಅಗೆಯುವ ಹಕ್ಕು ಇಲ್ಲ. ಹಕ್ಕು ಹೋದ ದಿನ ಆ ಕೊಳವೆಗೂ ಅರ್ಥ ಉಳಿಯಲಿಲ್ಲ. ಈಗ ಕೆಐಒಸಿಎಲ್ ಅನ್ನುವ ಆ ಕಂಪನಿ ಹೊರಗಿನಿಂದ ಅದಿರು ತಂದು ಮಂಗಳೂರಿನಲ್ಲಿ ಪೆಲೆಟ್ (ಅದಿರಿನ ಪುಡಿಯ ಉಂಡೆ) ಮಾಡುತ್ತದೆ. 2022-23, 2023-24 ಎರಡೂ ವರ್ಷ ನಷ್ಟ ತೋರಿಸಿತು. ಹಾಗಿದ್ದೂ ಅದರ ಷೇರು ಪುಸ್ತಕ ಮೌಲ್ಯದ ಹಲವು ಪಟ್ಟು ಬೆಲೆಗೆ ವ್ಯಾಪಾರವಾಗುತ್ತಿತ್ತು. ಶೇ 99ರಷ್ಟು ಷೇರು ಕೇಂದ್ರ ಸರ್ಕಾರದ ಕೈಯಲ್ಲಿದೆ, ಪೇಟೆಯಲ್ಲಿ ಓಡಾಡುವುದು ಶೇ 1 ಮಾತ್ರ. ಇಷ್ಟು ಸಣ್ಣ ಪಾಲಿನಲ್ಲಿ ಹುಟ್ಟುವ ಬೆಲೆಯಿಂದ ಪಿ/ಬಿ ಲೆಕ್ಕ ಹಾಕಿದರೆ ಗಣಿಯ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ನೀವು ಹೊಸಪೇಟೆಯವರು, 2011 ನಿಮಗೆ ನನಗಿಂತ ಚೆನ್ನಾಗಿ ನೆನಪಿರುತ್ತದೆ. ಆ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಅಕ್ರಮದ ಪ್ರಮಾಣ ನೋಡಿ ಗುತ್ತಿಗೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ, ಸಿ ವರ್ಗದವನ್ನು 2013ರಲ್ಲಿ ರದ್ದು ಮಾಡಿತು. ಇಡೀ ಬಳ್ಳಾರಿ ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ ಅಂತ ಹಾಕಿದ್ದ ಮಿತಿಯನ್ನು ಮೊದಲು 2.8 ಕೋಟಿಗೆ, 2022ರಲ್ಲಿ 3.5 ಕೋಟಿಗೆ ಏರಿಸಿತು. ಆ ಏರಿಕೆಯ ದಿನ ಎ ವರ್ಗದ ಒಂದು ಗಣಿಯ ನಿಜವಾದ ಬೆಲೆ ಜಾಸ್ತಿಯಾಯಿತು, ಪುಸ್ತಕದಲ್ಲಿ ಒಂದು ರೂಪಾಯಿಯೂ ಬದಲಾಗಲಿಲ್ಲ. ಸರ್ಕಾರಿ ಕಂಪನಿಯಾದರೂ ಇದರಿಂದ ಹೊರತಲ್ಲ. ಎನ್‌ಎಂಡಿಸಿಯ ದೋಣಿಮಲೈ ಗಣಿಗೆ ರಾಜ್ಯ ಸರ್ಕಾರ ಶೇ 80 ಪ್ರೀಮಿಯಂ ಕೇಳಿದ ಮೇಲೆ 2018ರ ನವೆಂಬರ್‌ನಿಂದ 2021ರ ಫೆಬ್ರುವರಿವರೆಗೆ ಅಲ್ಲಿ ಕೆಲಸ ನಿಂತಿತ್ತು.

ಪ್ರೀಮಿಯಂ ಅಂದೆ ಅಲ್ವಾ, ಪಿ/ಬಿ ಪೂರ್ತಿ ಕುರುಡಾಗುವುದು ಇಲ್ಲಿಯೇ. 2015ರ ತಿದ್ದುಪಡಿಯ ನಂತರ ಗಣಿ ಗುತ್ತಿಗೆ ಹರಾಜಿನಲ್ಲಿ ಸಿಗುತ್ತದೆ. ಹರಾಜು ಹಿಡಿದವರು ಮಾರಿದ ಪ್ರತಿ ಟನ್ ಮೇಲೆ, ರಾಜಧನದ (ರಾಯಲ್ಟಿ) ಜೊತೆಗೆ, ಸರಾಸರಿ ಬೆಲೆಯ ಇಂತಿಷ್ಟು ಶೇಕಡಾ ರಾಜ್ಯಕ್ಕೆ ಕೊಡಬೇಕು. 2020ರಲ್ಲಿ ಒಡಿಶಾದ ಹರಾಜಿನಲ್ಲಿ ಕೆಲವರು ಶೇ 100ಕ್ಕೂ ಜಾಸ್ತಿ ಕೂಗಿದರು. ಹಳೆಯ ಖಾಸಗಿ ಗುತ್ತಿಗೆಯವರಿಗೆ ಕಬ್ಬಿಣದ ಅದಿರಿಗೆ ಮುಖ್ಯವಾಗಿ ಶೇ 15 ರಾಜಧನ ಮತ್ತು ಅದರ ಮೇಲಿನ ಸಣ್ಣಪುಟ್ಟ ನಿಧಿಗಳು. ಈ ಪ್ರೀಮಿಯಂ ಅಗೆದು ಮಾರಿದ ಹಾಗೆ ಕೊಡುವ ಹಣವಾದ್ದರಿಂದ ಆಸ್ತಿಯಾಗಿ ಪುಸ್ತಕಕ್ಕೆ ಬರುವುದಿಲ್ಲ. ಹಾಗಾಗಿ ಹಳೆಯ ಗುತ್ತಿಗೆಯ ಗಣಿಯೂ ಹರಾಜಿನ ಗಣಿಯೂ ಪುಸ್ತಕದಲ್ಲಿ ಒಂದೇ ತರ ಕಾಣಿಸಬಹುದು, ಟನ್ನಿಗೆ ಉಳಿಯುವ ದುಡ್ಡಿನಲ್ಲಿ ಮಾತ್ರ ಆಕಾಶ ಭೂಮಿಯ ಅಂತರ. ಇನ್ನೊಂದು ತಾರೀಕು ತಲೆಯಲ್ಲಿ ಇಟ್ಟುಕೊಳ್ಳಿ. ಸ್ವಂತ ಕಾರ್ಖಾನೆಗೆಂದು ಕೊಟ್ಟಿದ್ದ ಹಳೆಯ ಖಾಸಗಿ ಗುತ್ತಿಗೆಗಳಿಗೆ ಆ ತಿದ್ದುಪಡಿ ಕನಿಷ್ಠ 2030ರ ಮಾರ್ಚ್ 31ರವರೆಗೆ ಅವಧಿ ಕೊಟ್ಟಿತು. ಹೊರಗೆ ಮಾರುವ ಗಣಿಗಳಿಗೆ ಅದು 2020ರ ಮಾರ್ಚ್ 31 ಆಗಿತ್ತು. ನಿಮ್ಮ ಕಂಪನಿಯ ಗುತ್ತಿಗೆ ಯಾವ ಸಾಲಿನಲ್ಲಿದೆ ಅನ್ನುವುದು 0.8ಕ್ಕಿಂತ ನೂರು ಪಾಲು ಮುಖ್ಯ.

ಕಡಿಮೆ ಪಿ/ಬಿಗೆ ಇನ್ನೊಂದು ಕಾರಣ ಇರುತ್ತದೆ. ಕಂಪನಿ ಜಾಸ್ತಿ ಹಣ ಕೊಟ್ಟು ಕೊಂಡ ಗಣಿ ಪುಸ್ತಕದಲ್ಲಿ ಇನ್ನೂ ಕೊಂಡ ಬೆಲೆಗೇ ಕೂತಿರುತ್ತದೆ, ಪೇಟೆಗೆ ಅದು ಅಷ್ಟು ಬಾಳುವುದಿಲ್ಲ ಅಂತ ಮೊದಲೇ ಗೊತ್ತಾಗಿರುತ್ತದೆ. ಇದಕ್ಕೆ ರಿಯೊ ಟಿಂಟೊ ಕಂಪನಿಯ ಮೊಜಾಂಬಿಕ್ ಕಥೆ ಕೇಳಿ. 2011ರಲ್ಲಿ ರಿವರ್ಸ್‌ಡೇಲ್ ಅನ್ನುವ ಕಲ್ಲಿದ್ದಲು ಕಂಪನಿಯನ್ನು ಸುಮಾರು 370 ಕೋಟಿ ಡಾಲರಿಗೆ ಕೊಂಡರು. ಕಲ್ಲಿದ್ದಲನ್ನು ಜಾಂಬೆಜಿ ನದಿಯಲ್ಲಿ ದೋಣಿಗಳ ಮೇಲೆ ಸಮುದ್ರಕ್ಕೆ ಸಾಗಿಸುವ ಯೋಜನೆ ಇತ್ತು. ಅಲ್ಲಿನ ಸರ್ಕಾರ ಒಪ್ಪಲಿಲ್ಲ, ನೆಲದಲ್ಲಿ ಉಕ್ಕು ಮಾಡಲು ಬೇಕಾಗುವ ಒಳ್ಳೆಯ ಕೋಕಿಂಗ್ ಕಲ್ಲಿದ್ದಲೂ ಅಂದುಕೊಂಡಷ್ಟು ಸಿಗಲಿಲ್ಲ. 2013ರ ಜನವರಿಯಲ್ಲಿ ಇದರಲ್ಲಿ ಸುಮಾರು 300 ಕೋಟಿ ಡಾಲರನ್ನು ಪುಸ್ತಕದಿಂದ ಅಳಿಸಿದರು. ಕೆನಡಾದ ಅಲ್ಕಾನ್ ಅಲ್ಯೂಮಿನಿಯಂ ಖರೀದಿಯ ನಷ್ಟವೂ ಸೇರಿ ಒಟ್ಟು 1,400 ಕೋಟಿ ಡಾಲರಿನಷ್ಟು ಒಂದೇ ಸಲ ಹೋಯಿತು, ಮುಖ್ಯಸ್ಥ ಟಾಮ್ ಅಲ್ಬನೀಸ್ ಹುದ್ದೆ ಬಿಟ್ಟರು. 2014ರಲ್ಲಿ ಆ ಮೊಜಾಂಬಿಕ್ ಗಣಿಗಳನ್ನು ಮಾರಿದ್ದು 5 ಕೋಟಿ ಡಾಲರಿಗೆ. ಕೊಂಡವರು ಯಾರು ಗೊತ್ತಾ? ನಮ್ಮ ಐಸಿವಿಎಲ್, ಸೇಲ್, ಎನ್‌ಎಂಡಿಸಿ ಮುಂತಾದ ಸರ್ಕಾರಿ ಕಂಪನಿಗಳು ಸೇರಿ ಮಾಡಿದ ಸಂಸ್ಥೆ. 370 ಇದ್ದದ್ದು ಮೂರು ವರ್ಷದಲ್ಲಿ 5. ಅದೇ 2013ರಲ್ಲಿ ಚಿನ್ನದ ಬೆಲೆ ಬಿದ್ದಾಗ ಬ್ಯಾರಿಕ್ ಕಂಪನಿ ಒಂದೇ ತ್ರೈಮಾಸಿಕದಲ್ಲಿ 870 ಕೋಟಿ ಡಾಲರ್ ಅಳಿಸಿತು. ಹೀಗೆ ಅಳಿಸುವ ಮೊದಲು ಪಿ/ಬಿ ಚೆನ್ನಾಗಿ ಕಡಿಮೆ ಕಾಣಿಸುತ್ತದೆ. ಅಳಿಸಿದ ಮೇಲೆ ಅದೇ ಬೆಲೆಗೆ ಪಿ/ಬಿ ಏರಿ ಕೂರುತ್ತದೆ. ಹಾಗಾಗಿ ಒಂದಕ್ಕಿಂತ ಕಡಿಮೆ ಪಿ/ಬಿ ಕಂಡಾಗ ನಾನು ಮೊದಲು ಕೇಳುವುದು, ಪುಸ್ತಕದ ಯಾವ ಸಾಲನ್ನು ಪೇಟೆ ನಂಬುತ್ತಿಲ್ಲ ಅಂತ.

ಪುಸ್ತಕದಲ್ಲಿ ಇಲ್ಲದ ಆಸ್ತಿಯ ಹಾಗೆ ಪುಸ್ತಕದಲ್ಲಿ ಇಲ್ಲದ ಹೊಣೆಯೂ ಇರುತ್ತದೆ. 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಜಧನ ತೆರಿಗೆ ಅಲ್ಲ, ಖನಿಜದ ಹಕ್ಕಿನ ಮೇಲೆ ರಾಜ್ಯಗಳು ತೆರಿಗೆ ಹಾಕಬಹುದು ಅಂತ ಹೇಳಿತು. ಎಂಟು ಜನ ಒಂದು ಕಡೆ, ನ್ಯಾಯಮೂರ್ತಿ ನಾಗರತ್ನ ಅವರು ಮಾತ್ರ ಭಿನ್ನ ತೀರ್ಪು. ಆಗಸ್ಟ್ 14ಕ್ಕೆ, 2005ರ ಏಪ್ರಿಲ್ 1ರ ನಂತರದ ಬಾಕಿಯನ್ನೂ ಕೇಳಬಹುದು, 2026ರ ಏಪ್ರಿಲ್‌ನಿಂದ 12 ವರ್ಷದಲ್ಲಿ ಕಂತಾಗಿ ಕಟ್ಟಿಸಿಕೊಳ್ಳಬಹುದು ಅಂತ ಆಯಿತು. ಇಂಥದ್ದು ಎಷ್ಟೋ ವರ್ಷ ಬ್ಯಾಲೆನ್ಸ್ ಶೀಟಿನ ಒಳಗೆ ಬರದೆ, ಹಿಂದಿನ ಪುಟಗಳಲ್ಲಿ ಸಂಭವನೀಯ ಹೊಣೆ ಅನ್ನುವ ಟಿಪ್ಪಣಿಯಲ್ಲಿ ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ. ಆ ಪುಟ ಓದಿ. ಅಲ್ಲಿನ ಮೊತ್ತ ಪುಸ್ತಕ ಮೌಲ್ಯದ ಮೂರನೇ ಒಂದು ಪಾಲು ಇದ್ದರೆ ನಿಮ್ಮ 0.8 ಬೇರೆಯದೇ ಆಗುತ್ತದೆ.

ಲೆಕ್ಕ ಹಾಕುವಾಗ ಆಗುವ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಎನ್‌ಎಂಡಿಸಿ 2024ರ ಡಿಸೆಂಬರ್‌ನಲ್ಲಿ ಒಂದು ಷೇರಿಗೆ ಎರಡು ಬೋನಸ್ ಷೇರು ಕೊಟ್ಟಿತು. ಬೆಲೆ ಮೂರನೇ ಒಂದು ಪಾಲಾಯಿತು. ಹಿಂದಿನ ಮಾರ್ಚ್‌ನ ವರದಿಯಲ್ಲಿದ್ದ ಪುಸ್ತಕ ಮೌಲ್ಯವನ್ನು ಹಾಗೇ ಇಟ್ಟುಕೊಂಡು ಹೊಸ ಬೆಲೆಯನ್ನು ಅದರಿಂದ ಭಾಗಿಸಿದರೆ ಸುಮ್ನೆ ಮೂರು ಪಟ್ಟು ಅಗ್ಗ ಅನ್ನಿಸುತ್ತದೆ. ಅದಕ್ಕೂ ಮೊದಲು ನಗರ್‌ನಾರ್ ಉಕ್ಕಿನ ಕಾರ್ಖಾನೆ ಬೇರೆ ಕಂಪನಿಯಾಗಿ ಹೋಯಿತು, 2023ರ ಫೆಬ್ರುವರಿಯಲ್ಲಿ ಅದರ ಷೇರು ಪ್ರತ್ಯೇಕವಾಗಿ ಪೇಟೆಗೆ ಬಂತು. ಆ ಕಾರ್ಖಾನೆಗೆ ಸುರಿದಿದ್ದ ಸಾವಿರಾರು ಕೋಟಿ ಎನ್‌ಎಂಡಿಸಿಯ ಪುಸ್ತಕದಿಂದ ಹೊರಗೆ ಹೋಯಿತು. ಹಾಗಾಗಿ ಹತ್ತು ವರ್ಷದ ಪಿ/ಬಿ ಗ್ರಾಫ್ ನೋಡಿ ಈಗ ಮೇಲಿದೆ, ಆಗ ಕೆಳಗಿತ್ತು ಅಂದರೆ ಎರಡು ಬೇರೆ ಬೇರೆ ಕಂಪನಿಗಳನ್ನು ಹೋಲಿಸಿದ ಹಾಗೆ. ಕೋಲ್ ಇಂಡಿಯಾದಲ್ಲಿ ಇನ್ನೊಂದು ಗುಂಡಿ ಇದೆ. ಅದರ ಗಣಿಗಳಲ್ಲಿ ಬಹುಪಾಲು ಮಹಾನದಿ, ನಾರ್ದರ್ನ್ ಮುಂತಾದ ಅಂಗಸಂಸ್ಥೆಗಳ ಹೆಸರಿನಲ್ಲಿವೆ. ತಾಯಿ ಕಂಪನಿಯ ಒಂಟಿ ಲೆಕ್ಕದ ಪುಸ್ತಕ ಮೌಲ್ಯಕ್ಕೂ ಎಲ್ಲ ಸೇರಿಸಿದ ಕ್ರೋಡೀಕೃತ ಲೆಕ್ಕದ್ದಕ್ಕೂ ಹಲವು ಪಟ್ಟು ವ್ಯತ್ಯಾಸ. ಕೆಲವು ಆ್ಯಪ್‌ಗಳು ಒಂದನ್ನು ತೋರಿಸುತ್ತವೆ, ಕೆಲವು ಇನ್ನೊಂದನ್ನು. ಕ್ರೋಡೀಕೃತವನ್ನೇ ತಗೊಳ್ಳಿ.

ಹಾಗಾದರೆ ಪಿ/ಬಿ ಯಾವಾಗ ಕೆಲಸಕ್ಕೆ ಬರುತ್ತದೆ? ನನ್ನ ಅನುಭವದಲ್ಲಿ ಎರಡು ಕಡೆ.

ಒಂದು, ಬಂಡವಾಳದ ಮೇಲಿನ ಗಳಿಕೆಯ (ಆರ್‌ಒಇ) ಜೊತೆ ಇಟ್ಟು ನೋಡುವಾಗ. ಪಿ/ಬಿ ಅಂದರೆ ಪಿ/ಇ (ಬೆಲೆ ವರ್ಷದ ಲಾಭದ ಎಷ್ಟು ಪಟ್ಟು ಅನ್ನುವುದು) ಮತ್ತು ಆರ್‌ಒಇ ಇವೆರಡರ ಗುಣಾಕಾರ ಅಷ್ಟೇ. ಪಿ/ಬಿ 3 ಇದ್ದು ಆರ್‌ಒಇ ಶೇ 30 ಇದ್ದರೆ ನೀವು ವರ್ಷದ ಲಾಭದ ಹತ್ತು ಪಟ್ಟು ಕೊಡುತ್ತಿದ್ದೀರಿ. ಪಿ/ಬಿ 0.8 ಇದ್ದು ಆರ್‌ಒಇ ಶೇ 4 ಇದ್ದರೆ ಇಪ್ಪತ್ತು ಪಟ್ಟು. ಆದರೆ ಗಣಿಯಲ್ಲಿ ಒಂದು ವರ್ಷದ ಆರ್‌ಒಇ ನಂಬುವಂತಿಲ್ಲ. 2021ರ ಮೇ ತಿಂಗಳಲ್ಲಿ ಕಬ್ಬಿಣದ ಅದಿರು ಟನ್ನಿಗೆ 230 ಡಾಲರ್ ದಾಟಿತ್ತು, ಚೀನಾ ಉಕ್ಕಿನ ಉತ್ಪಾದನೆಗೆ ಕಡಿವಾಣ ಹಾಕಿದ ಮೇಲೆ ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ನೂರಕ್ಕಿಂತ ಕೆಳಗೆ ಬಂತು. 2022ರ ಮೇನಲ್ಲಿ ನಮ್ಮ ಸರ್ಕಾರ ಅದಿರಿನ ರಫ್ತಿಗೆ ಶೇ 50 ಸುಂಕ ಹಾಕಿತು, ನವೆಂಬರ್‌ನಲ್ಲಿ ಸಡಿಲಿಸಿತು. ಇಂಥ ಧಂಧೆಯಲ್ಲಿ ಒಳ್ಳೆಯ ವರ್ಷದ ಆರ್‌ಒಇ ಹಿಡಿದರೆ ಎಲ್ಲವೂ ಅಗ್ಗವೇ. ಕನಿಷ್ಠ ಎಂಟು ವರ್ಷದ ಸರಾಸರಿ ತೆಗೆಯಿರಿ, ಅದರಲ್ಲಿ ಒಂದೆರಡು ಕೆಟ್ಟ ವರ್ಷ ಇರಲೇಬೇಕು.

ಎರಡನೆಯದು, ಲೋಹದ ಬೆಲೆ ಪಾತಾಳಕ್ಕೆ ಇಳಿದಾಗ. ಆಗ ಲಾಭವೇ ಇರುವುದಿಲ್ಲ, ಪಿ/ಇ ಲೆಕ್ಕಕ್ಕೇ ಸಿಗುವುದಿಲ್ಲ, ಹಿಡಿದುಕೊಳ್ಳಲು ಉಳಿಯುವುದು ಪುಸ್ತಕ ಮೌಲ್ಯ ಒಂದೇ. 2015ರ ಡಿಸೆಂಬರ್‌ನಲ್ಲಿ ಕಬ್ಬಿಣದ ಅದಿರು 40 ಡಾಲರಿಗಿಂತ ಕೆಳಗೆ ಬಿದ್ದಿತ್ತು. ಆಂಗ್ಲೊ ಅಮೆರಿಕನ್ ಡಿವಿಡೆಂಡ್ ನಿಲ್ಲಿಸಿತು, 2016ರ ಜನವರಿಯಲ್ಲಿ ಅದರ ಷೇರು ಪುಸ್ತಕ ಮೌಲ್ಯಕ್ಕಿಂತ ತುಂಬಾ ಕೆಳಗೆ ಸಿಗುತ್ತಿತ್ತು. ಆ ವರ್ಷದ ಕೊನೆಗೆ ಲಂಡನ್ನಿನ ಎಫ್‌ಟಿಎಸ್‌ಇ 100 ಪಟ್ಟಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಏರಿದ ಷೇರು ಅದೇ. ಆದರೆ ಅಲ್ಲಿ ತಾಮ್ರ, ವಜ್ರ, ಪ್ಲಾಟಿನಂ ಅಂತ ದೊಡ್ಡ, ಬಹಳ ವರ್ಷ ಬಾಳುವ ಗಣಿಗಳಿದ್ದವು. ಸಾಲ ತೀರಿಸಲು ಕೆಲವನ್ನು ಮಾರುವ ದಾರಿಯೂ ಇತ್ತು. ಬೆಲೆ ತಿರುಗುವವರೆಗೆ ಉಸಿರು ಹಿಡಿದುಕೊಂಡು ಇರುವ ಶಕ್ತಿ ಇದ್ದ ಕಂಪನಿ ಅದು. ನಾಲ್ಕು ವರ್ಷದ ಗುತ್ತಿಗೆ, ತಲೆಮೇಲೆ ಸಾಲ ಇರುವ ಸಣ್ಣ ಕಂಪನಿಗೆ ಬೆಲೆ ತಿರುಗುವಷ್ಟರಲ್ಲಿ ಗಣಿಯೇ ಮುಗಿದಿರಬಹುದು.

ಅದಿರು ಇದೆ ಅನ್ನುವ ಮಾತೂ ಬೆಲೆಯ ಮೇಲೆ ನಿಂತಿದೆ, ಇದನ್ನು ಮರೆಯಬೇಡಿ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ ಕೆಳಗೆ ಚಿನ್ನ ಪೂರ್ತಿ ಖಾಲಿಯಾಗಿರಲಿಲ್ಲ. ಮೂರು ಕಿಲೋಮೀಟರಿಗೂ ಆಳದಿಂದ ಅದನ್ನು ಮೇಲೆ ತರುವ ಖರ್ಚು ಆಗಿನ ಚಿನ್ನದ ಬೆಲೆಗೆ ಗಿಟ್ಟುತ್ತಿರಲಿಲ್ಲ. ಆದ್ದರಿಂದ ಕಂಪನಿ ಹೇಳುವ ನಿಕ್ಷೇಪದ ಅಂಕಿ ಓದುವಾಗ, ಯಾವ ಬೆಲೆ ಹಿಡಿದು ಲೆಕ್ಕ ಹಾಕಿದ್ದಾರೆ ಅಂತಲೂ ನೋಡಿ.

ನಿಮ್ಮ ಕಂಪನಿಗೆ ಹೀಗೆ ಮಾಡಿ. ವಾರ್ಷಿಕ ವರದಿಯ ಆಸ್ತಿಯ ಟಿಪ್ಪಣಿ ತೆಗೆಯಿರಿ. ನಗದು ಎಷ್ಟು, ಯಂತ್ರ ಎಷ್ಟು, ನಡೆಯುತ್ತಿರುವ ಕಾಮಗಾರಿ ಎಷ್ಟು, ಗುಂಪಿನ ಬೇರೆ ಕಂಪನಿಗಳಿಗೆ ಕೊಟ್ಟ ಸಾಲ ಎಷ್ಟು ಅಂತ ಬೇರೆ ಬೇರೆ ಬರೆದುಕೊಳ್ಳಿ. ಈ ಕೊನೆಯದು ದೊಡ್ಡದಿದ್ದರೆ ನಾನಾದರೆ ಅಲ್ಲಿಗೇ ಪುಸ್ತಕ ಮುಚ್ಚಿಡುತ್ತೇನೆ. ದಾಸ್ತಾನಿನಲ್ಲಿ ವರ್ಷಗಟ್ಟಲೆ ಮಾರಾಟವಾಗದ ಕಡಿಮೆ ದರ್ಜೆಯ ಅದಿರಿನ ರಾಶಿ ಇದೆಯಾ ನೋಡಿ. ಗಣಿ ಮುಚ್ಚುವ ಖರ್ಚಿಗೆ ಎಷ್ಟು ತೆಗೆದಿಟ್ಟಿದ್ದಾರೆ ನೋಡಿ, ನೂರಾರು ಎಕರೆ ಅಗೆದವರು ಒಂದು ಕೋಟಿ ತೆಗೆದಿಟ್ಟಿದ್ದರೆ ಅದು ಸಾಲುವುದಿಲ್ಲ. ಗುತ್ತಿಗೆಯ ಅವಧಿ, ಉಳಿದ ಅದಿರು, ವರ್ಷಕ್ಕೆ ಅಗೆಯಲು ಇರುವ ಅನುಮತಿ ವರದಿಯಲ್ಲಿ ಸಿಗದೇ ಇರಬಹುದು. ಆಗ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ ಹುಡುಕಿ. ಪರಿಸರ ಅನುಮತಿಗೆ ಕೊಟ್ಟ ಕಾಗದಗಳಲ್ಲಿ ಗಣಿ ಯೋಜನೆ ಇರುತ್ತದೆ, ಎಷ್ಟು ಟನ್ ಇದೆ, ಎಷ್ಟು ವರ್ಷ ಬರುತ್ತದೆ ಅಂತ ಅವರೇ ಬರೆದಿರುತ್ತಾರೆ. ನಾನು ಎಷ್ಟೋ ಸಲ ವಾರ್ಷಿಕ ವರದಿಗಿಂತ ಆ ಕಾಗದದಿಂದ ಜಾಸ್ತಿ ಕಲಿತಿದ್ದೇನೆ.

ಅಲ್ಲೂ ಸಿಗದಿದ್ದರೆ ಕಂಪನಿ ಕಾರ್ಯದರ್ಶಿಗೆ ಒಂದು ಇಮೇಲ್ ಹಾಕಿ, ಗುತ್ತಿಗೆ ಯಾವತ್ತು ಮುಗಿಯುತ್ತದೆ, ಟನ್ನಿಗೆ ಎಷ್ಟು ಪ್ರೀಮಿಯಂ ಕಟ್ಟುತ್ತಿದ್ದೀರಿ ಅಂತ ನೇರವಾಗಿ ಕೇಳಿ. ಒಂದೇ ಒಂದು ಷೇರು ಇದ್ದರೂ ಕೇಳಬಹುದು. ಆ ಎರಡು ಉತ್ತರ ಬಂದ ಮೇಲೆ ಮೇಲಿನ ನಾಲ್ಕು ವರ್ಷ, ಇಪ್ಪತ್ತು ವರ್ಷದ ಲೆಕ್ಕಕ್ಕೆ ನಿಮ್ಮ ಅಂಕಿಗಳನ್ನು ಹಾಕಿ ನೋಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅಂಕಿಗಳ ಸಮೇತ ಮತ್ತೆ ಬರೆಯಿರಿ, ಕೂತು ಹಾಕಿ ಕೊಡುತ್ತೇನೆ.